ಬಾಲಾಲಯದ ದೀಪ
(ಉದ್ಯೋಗ ತಪ್ಪಿದಾಗಲೂ ಶರೀರವು ಶಸ್ತ್ರಚಿಕಿತ್ಸೆಗೆ ಒಳಗಾದಾಗಲೂ ಆಶೆಯನ್ನು ಉಳಿಸಿಕೊಳ್ಳುವ ಬಗೆ)

ಜೀರ್ಣೋದ್ಧಾರವೆಂಬ ಶಬ್ದದೊಳಗೆ ಎರಡು ಮಾತುಗಳಿವೆ. ಜೀರ್ಣವಾದುದು ಒಂದು, ಉದ್ಧಾರವಾಗತಕ್ಕದ್ದು ಮತ್ತೊಂದು. ಮಾಡಿನ ಪಕ್ಕಾಸು ಗೆದ್ದಲು ಹಿಡಿದಿದೆಯೆಂದು ಒಪ್ಪಿಕೊಳ್ಳದವನು ಜೀರ್ಣೋದ್ಧಾರಕ್ಕೆ ಕೈಹಾಕಲಾರನು. ಹೊಸ ಮಾಡು ಏಳಬಲ್ಲುದೆಂಬ ನಂಬುಗೆಯಿಲ್ಲದವನು ಗೆದ್ದಲನ್ನು ಕಂಡು ಮರುಗುವನಲ್ಲದೆ ಉಳಿಯನ್ನು ಹಿಡಿಯಲಾರನು. ಇರುವುದನ್ನು ಇದ್ದಂತೆ ಕಾಣುವ ಕಣ್ಣು, ಆಗಬೇಕಾದುದನ್ನು ಆಗಿಸುವ ಕೈ ಇವೆರಡೂ ಕೂಡಿದಲ್ಲಿಯೇ ನಾವು ಆಶೆಯೆಂದು ಕರೆಯುವ ಗುಣವು ಹುಟ್ಟುತ್ತದೆ. ಅದು ಬರಿಯ ಮನಸ್ಸಿನ ಉಲ್ಲಾಸವಲ್ಲ, ಒಂದು ಅಭ್ಯಾಸ.

ನಮ್ಮ ಕಾಸರಗೋಡು ಸೀಮೆಯ ದೇವಾಲಯಗಳ ಮಾಡುಗಳಂತೆಯೇ ಮನೆಗಳ ಬಾಳ್ವೆಯೂ ಕೆಲವೊಮ್ಮೆ ಒಮ್ಮೆಗೇ ಕುಸಿಯುವುದುಂಟು. ಗಲ್ಫ್ ನಾಡುಗಳಲ್ಲಿ ಹತ್ತಿಪ್ಪತ್ತು ವರುಷ ದುಡಿದವರು ಕೆಲಸ ಕಳೆದುಕೊಂಡು ಮರಳುತ್ತಾರೆ. 2013ರಲ್ಲಿ ಸೌದಿ ಅರೇಬಿಯದ ನಿತಾಖತ್ ಕಟ್ಟಳೆಯ ಬಿಗಿಯಿಂದ ಬಹು ಮಂದಿ ಮರಳಿದರು. 2020ರಲ್ಲಿ ಮಹಾಮಾರಿಯ ದೆಸೆಯಿಂದ ಇನ್ನೂ ಹೆಚ್ಚು ಮಂದಿ ಮರಳಿದರು. ಕೆಲವರಿಗೆ ಉದ್ಯೋಗನಾಶವೂ ಶಸ್ತ್ರಚಿಕಿತ್ಸೆಯೂ ಜೊತೆಯಾಗಿಯೇ ಒದಗುತ್ತವೆ. ಚಿಕಿತ್ಸೆಗೆಂದು ರಜೆ ಪಡೆದು ಊರಿಗೆ ಬಂದವನು ಮಂಗಳೂರಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವಾಗಲೇ, ಆತನ ಜಾಗಕ್ಕೆ ಬೇರೊಬ್ಬನು ನೇಮಕವಾದ ಸುದ್ದಿ ಬರುತ್ತದೆ. ದುಡಿಯುವ ಶರೀರವೂ ಇಲ್ಲ, ದುಡಿಮೆಯ ಸ್ಥಳವೂ ಇಲ್ಲ ಎಂಬ ಆ ಸ್ಥಿತಿಯಲ್ಲಿ ಮನುಷ್ಯನು ಏನನ್ನು ಆಧರಿಸಿ ನಿಲ್ಲಬೇಕು? ಈ ಪ್ರಶ್ನೆಗೆ ನಮ್ಮ ಜೀರ್ಣೋದ್ಧಾರದ ಕ್ರಮದಲ್ಲಿಯೇ ಉತ್ತರವಿದೆಯೆಂಬುದನ್ನು ಭಕ್ತಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

1. ಬಾಲಾಲಯದ ಅರ್ಥ

ನಮ್ಮ ಕಡೆಯ ಕ್ರಮವನ್ನು ಎಲ್ಲರೂ ಕಂಡಿದ್ದೀರಿ. ಮೊದಲು ಅಷ್ಟಮಂಗಲ ಪ್ರಶ್ನೆಯಿಟ್ಟು ಕ್ಷೇತ್ರದ ಲೋಪದೋಷಗಳನ್ನು ಅರಿಯುತ್ತಾರೆ. ಬಳಿಕ ದೇವರ ಅನುಜ್ಞೆಯನ್ನು ಬೇಡಿ, ಕಲಾಸಂಕೋಚವನ್ನು ಮಾಡಿ, ಬಿಂಬದ ಚೈತನ್ಯವನ್ನು ಚಿಕ್ಕದೊಂದು ಬಾಲಾಲಯಕ್ಕೆ ಕೊಂಡೊಯ್ಯುತ್ತಾರೆ. ಆಮೇಲೆಯೇ ಹಳೆಯ ಗರ್ಭಗುಡಿಯ ಮೇಲೆ ಕೈಯಿಡುವುದು.

ಸಂಕೋಚವೆಂದರೆ ಕುಗ್ಗಿಸುವುದು, ಇಲ್ಲವಾಗಿಸುವುದಲ್ಲ. ಬಾಲಾಲಯದಲ್ಲಿ ಧ್ವಜಾರೋಹಣವಿಲ್ಲ, ಬಲಿ ಉತ್ಸವದ ವೈಭವವಿಲ್ಲ, ಸುತ್ತುಗೋಪುರವಿಲ್ಲ. ಆದರೆ ನಿತ್ಯಪೂಜೆಯುಂಟು, ನೈವೇದ್ಯವುಂಟು, ಸಂಜೆಯ ದೀಪವುಂಟು. ಹಲಗೆಯ ಗೋಡೆ, ತಗಡಿನ ಮಾಡು ಇದ್ದರೂ ಅಲ್ಲಿರುವ ದೇವರು ಅದೇ ದೇವರು. ಕಲ್ಲಿನ ಗುಡಿ ಬಿಚ್ಚಿಹೋಯಿತೆಂದು ದೇವರ ಮಹಿಮೆ ಕುಂದಿತೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಉದ್ಯೋಗ ತಪ್ಪಿ, ಹೊಟ್ಟೆಗೋ ಎದೆಗೋ ಹೊಲಿಗೆ ಬಿದ್ದು ಮನೆಯ ಚಾವಡಿಯಲ್ಲಿ ಒರಗಿ ಕುಳಿತ ಗೃಹಸ್ಥನೂ ಬಾಲಾಲಯದಲ್ಲಿರುವವನು. ಆತನ ಉತ್ಸವಗಳು ನಿಂತಿವೆ, ಆತನು ನಿಂತಿಲ್ಲ. ದೇವರಿಗೆ ಕೊಡುವ ಈ ಮನ್ನಣೆಯನ್ನು ನಾವು ಮನುಷ್ಯನಿಗೆ ಕೊಡುವುದರಲ್ಲಿ ಏಕೆ ಹಿಂಜರಿಯಬೇಕು? ಮರಳಿ ಬಂದವನು ಬಸ್ಸಿನಿಂದ ಇಳಿದ ದಿನದಿಂದ ಪೇಟೆಯಲ್ಲಿ, ಮದುವೆಯ ಚಪ್ಪರದಲ್ಲಿ, ಕೊನೆಗೆ ದೇವಸ್ಥಾನದ ಅಂಗಣದಲ್ಲಿಯೂ ಕೇಳುವ ಮಾತು ಒಂದೇ: ಕನ್ನಡದಲ್ಲಿ “ಇನ್ನು ಯಾವಾಗ ಹೋಗುವುದು?”, ಮಲೆಯಾಳದಲ್ಲಿ “ಇನಿ ಎಪ್ಪೋಳಾ ಪೋಕುನ್ನದ್?”. ಕೇಳುವವರಲ್ಲಿ ಕೆಡುಕಿಲ್ಲ. ಆದರೆ ಹೋಗಲು ಜಾಗವಿಲ್ಲದವನಿಗೆ ಆ ಮಾತು ಹಸಿಯ ಗಾಯದ ಮೇಲೆ ಬೆರಳಿಟ್ಟಂತಾಗುತ್ತದೆ. “ಆರೋಗ್ಯ ಹೇಗಿದೆ? ಸಂಜೆ ದೀಪಾರಾಧನೆಗೆ ಬರುತ್ತೀರಷ್ಟೆ?” ಎಂದು ಕೇಳಿದರೆ ಅದೇ ನಾಲಗೆಯಿಂದ ಔಷಧವು ಸುರಿದಂತಾಗುವುದು.

2. ಬಾಹುಕನಾದ ನಳ

ಮಹಾಭಾರತದ ವನಪರ್ವದಲ್ಲಿ ರಾಜ್ಯ ಕಳೆದುಕೊಂಡು ಕಾಡಿನಲ್ಲಿ ಕುಳಿತ ಧರ್ಮರಾಯನು, ನನಗಿಂತಲೂ ಹೆಚ್ಚು ದುಃಖಪಟ್ಟ ಅರಸನೊಬ್ಬನುಂಟೆ ಎಂದು ಕೇಳುತ್ತಾನೆ. ಆಗ ಬೃಹದಶ್ವ ಮಹರ್ಷಿಯು ಹೇಳುವುದೇ ನಳೋಪಾಖ್ಯಾನ. ಕನಕದಾಸರು ಇದನ್ನೇ ಭಾಮಿನಿ ಷಟ್ಪದಿಯಲ್ಲಿ ‘ನಳಚರಿತ್ರೆ’ಯಾಗಿ ರಚಿಸಿದರು. ನಮ್ಮ ಯಕ್ಷಗಾನ ತಾಳಮದ್ದಳೆಗಳಲ್ಲಿ ಬಾಹುಕನ ಅರ್ಥವನ್ನು ಕೇಳಿ ಕಣ್ಣೊರಸಿಕೊಳ್ಳದವರು ಇಲ್ಲಿ ವಿರಳ. ಆದರೆ ಉದ್ಯೋಗ ತಪ್ಪಿದವನೂ ಶಸ್ತ್ರಚಿಕಿತ್ಸೆಗೊಳಗಾದವನೂ ಈ ಕಥೆಯನ್ನು ತಮ್ಮದೆಂದೇ ಓದಬಹುದೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಪುಷ್ಕರನೊಡನೆ ಜೂಜಾಡಿ ನಳನು ರಾಜ್ಯವನ್ನು ಕಳೆದುಕೊಂಡನು. ಕಾಡಿನಲ್ಲಿ ದಮಯಂತಿಯನ್ನೂ ಅಗಲಿದನು. ಆಮೇಲೆ ಕಾಳ್ಗಿಚ್ಚಿನ ನಡುವೆ ಸಿಲುಕಿದ ಕರ್ಕೋಟಕನೆಂಬ ಸರ್ಪವು ಆತನನ್ನು ಕೂಗಿ ಕರೆಯುತ್ತದೆ. ಎಲ್ಲವನ್ನೂ ಕಳೆದುಕೊಂಡವನು ಬೆಂಕಿಯನ್ನು ಹೊಕ್ಕು ಆ ಪ್ರಾಣಿಯನ್ನು ಎತ್ತಿ ತರುತ್ತಾನೆ. ಹೆಜ್ಜೆಗಳನ್ನೆಣಿಸುತ್ತ ನಡೆ ಎಂದ ಸರ್ಪವು ಹತ್ತನೆಯ ಹೆಜ್ಜೆಗೆ ಆತನನ್ನೇ ಕಚ್ಚುತ್ತದೆ! ನಳನ ಚೆಲುವೆಲ್ಲ ಅಳಿದು ಶರೀರವು ವಿಕಾರಗೊಳ್ಳುತ್ತದೆ. ಉಪಕಾರಕ್ಕೆ ಇದೇ ಪ್ರತಿಫಲವೆ ಎಂದು ಯಾರಿಗಾದರೂ ತೋರದಿರದು. ಆದರೆ ಕರ್ಕೋಟಕನ ಮಾತಿನ ತಾತ್ಪರ್ಯ ಹೀಗಿದೆ: ನನ್ನ ವಿಷವು ನಿನ್ನನ್ನು ಬಾಧಿಸದು, ನಿನ್ನೊಳಗೆ ಸೇರಿಕೊಂಡಿರುವ ಕಲಿಯನ್ನು ಬಾಧಿಸುವುದು.

ವೈದ್ಯನ ಕತ್ತಿಯೂ ಕರ್ಕೋಟಕನ ಹಲ್ಲಿನಂತೆಯೇ. ಅದು ಕಚ್ಚುವುದು ನಿಜ, ನೋವು ನಿಜ, ಕನ್ನಡಿಯ ಮುಂದೆ ನಿಂತಾಗ ಕಾಣುವ ಉದ್ದನೆಯ ಕಲೆ, ಸೊರಗಿದ ಮುಖ, ಬಗ್ಗಿದ ಬೆನ್ನು ಎಲ್ಲವೂ ನಿಜ. ಆದರೆ ಅದು ಕಚ್ಚಿದ್ದು ನಮ್ಮನ್ನಲ್ಲ, ಒಳಗಿದ್ದ ರೋಗವನ್ನು. ಕಚ್ಚಿದ ಮರುದಿನವೇ ಕಲಿಯು ಬಿಟ್ಟುಹೋಗಲಿಲ್ಲವೆಂಬುದನ್ನೂ ನೆನಪಿಡಬೇಕು. ವಿಷವು ಒಳಗೆ ಕೆಲಸ ಮಾಡುತ್ತಿದ್ದಷ್ಟು ಕಾಲ ನಳನು ವಿಕಾರರೂಪಿಯಾಗಿಯೇ ಬಾಳಿದನು. ನಿಜರೂಪವನ್ನು ಮರಳಿ ಪಡೆಯಲು ಕರ್ಕೋಟಕನು ಕೊಟ್ಟ ವಸ್ತ್ರಗಳೆರಡನ್ನು ಜೋಪಾನವಾಗಿ ಇಟ್ಟುಕೊಂಡಿದ್ದನು. ಅವನ್ನು ಅವಸರಪಟ್ಟು ಉಡಲಿಲ್ಲ. ನಿರಾಶೆಯಿಂದ ಎಸೆಯಲೂ ಇಲ್ಲ.

ನಿಷಧದ ಅರಸನಾಗಿದ್ದವನು ಬಳಿಕ ಅಯೋಧ್ಯೆಯ ಋತುಪರ್ಣನ ಬಳಿಗೆ ಹೋಗಿ, ಕುದುರೆಗಳನ್ನು ನೋಡಿಕೊಳ್ಳುವ ಕೆಲಸವನ್ನು ಬೇಡಿ ಸಂಬಳಕ್ಕೆ ನಿಂತನು. ಸಿಂಹಾಸನ ಹೋಯಿತು; ಅಶ್ವವಿದ್ಯೆ ಹೋಗಲಿಲ್ಲ. ಪದವಿಯನ್ನು ಇನ್ನೊಬ್ಬರು ಕೊಡುತ್ತಾರೆ, ಇನ್ನೊಬ್ಬರೇ ಕಿತ್ತುಕೊಳ್ಳುತ್ತಾರೆ. ಕೈಯಲ್ಲಿರುವ ವಿದ್ಯೆಯನ್ನು ಕಿತ್ತುಕೊಳ್ಳುವ ಧಣಿಯು ಎಲ್ಲಿಯೂ ಇಲ್ಲ. ದುಬಾಯಿಯಲ್ಲಿ ಮೇಸ್ತ್ರಿಯಾಗಿದ್ದವನ ಕೈಯ ತೂಕದ ದಾರವೂ, ಅಡುಗೆಯವನಾಗಿದ್ದವನ ಉಪ್ಪುಹುಳಿಯ ಹದವೂ, ಗುಮಾಸ್ತನಾಗಿದ್ದವನ ಲೆಕ್ಕವೂ ವಿಮಾನದಲ್ಲಿ ಆತನೊಡನೆಯೇ ಮರಳಿ ಬಂದಿವೆ.

3. ಎಣಿಸಿದಾಗ ಬಿಟ್ಟುಹೋದ ಕಲಿ

ಹಳ್ಳಿಯ ಲೆಕ್ಕದ ಪುಸ್ತಕಗಳ ನಡುವೆ ವಯಸ್ಸು ಕಳೆದ ನನ್ನಂಥವನಿಗೆ ಈ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗವು ಮುಂದಿನದು. ವಿದರ್ಭದ ದಾರಿಯಲ್ಲಿ ರಥ ಓಡುತ್ತಿರುವಾಗ ಋತುಪರ್ಣನು ಒಂದು ತಾರೆಯ ಮರವನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ 2,095 ಕಾಯಿಗಳಿವೆಯೆಂದು ಲೆಕ್ಕ ಹೇಳುತ್ತಾನೆ. ಬಾಹುಕನು ರಥವನ್ನು ನಿಲ್ಲಿಸುತ್ತಾನೆ. ಅರಸನಿಗೆ ಹೊತ್ತಾಗುತ್ತಿದೆ, ಆದರೂ ಆತನು ಮರವನ್ನು ಕಡಿದು ಕಾಯಿಗಳನ್ನು ಎಣಿಸಿಯೇ ನೋಡುತ್ತಾನೆ. ಲೆಕ್ಕವು ಸರಿಯಾಗಿರುತ್ತದೆ. ಬೆರಗಾದ ಬಾಹುಕನು ಅಶ್ವವಿದ್ಯೆಗೆ ಬದಲಾಗಿ ಋತುಪರ್ಣನಿಂದ ಅಕ್ಷವಿದ್ಯೆಯನ್ನು, ಎಂದರೆ ಎಣಿಕೆಯ ಮತ್ತು ದಾಳದ ಮರ್ಮವನ್ನು ಪಡೆಯುತ್ತಾನೆ. ಆ ವಿದ್ಯೆಯು ಒಳಹೊಕ್ಕ ಕ್ಷಣದಲ್ಲಿಯೇ ಕಲಿಯು ಕರ್ಕೋಟಕನ ವಿಷವನ್ನು ಕಾರುತ್ತ ನಳನ ಶರೀರದಿಂದ ಹೊರಬೀಳುತ್ತಾನೆ.

ಇದರ ಅಂತರಾರ್ಥವನ್ನು ಹೀಗೆ ಗ್ರಹಿಸಬಹುದು. ಭಯವೆಂಬ ಕಲಿಯು ಎಣಿಸದ ಮನೆಯಲ್ಲಿ ವಾಸಿಸುತ್ತದೆ. ‘ಎಲ್ಲವೂ ಹೋಯಿತು’ ಎಂಬ ಮಾತಿನಲ್ಲಿ ಅಂಕೆಯಿಲ್ಲ. ಆದುದರಿಂದಲೇ ಅದಕ್ಕೆ ಕೊನೆಯೂ ಇಲ್ಲ. ಏನು ಹೋಯಿತು, ಎಷ್ಟು ಹೋಯಿತು, ಏನು ಉಳಿಯಿತು ಎಂದು ಕಾಗದದ ಮೇಲೆ ಬರೆದಾಗ ದುಃಖವು ಸಣ್ಣದಾಗದಿರಬಹುದು. ಆದರೆ ಅದಕ್ಕೊಂದು ಗಡಿ ಬೀಳುತ್ತದೆ.

ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮರಳಿ ಬಂದವನಲ್ಲಿ ಆಸ್ಪತ್ರೆಯ ಖರ್ಚು ಕಳೆದು ಉಳಿದ ಹಣ 1,86,000 ರೂಪಾಯಿ. ಹಿಂದಿನ ಕ್ರಮದಂತೆ ತಿಂಗಳ ವೆಚ್ಚ: ಮನೆಸಾಮಾನು 11,000, ಮಕ್ಕಳ ಶಾಲೆ ಮತ್ತು ವಾಹನ 6,000, ಸಾಲದ ಕಂತು 6,500, ಔಷಧಿ 2,500, ಮದುವೆ ಮುಂಜಿ, ಉಡುಗೊರೆ, ಇತರ ವೆಚ್ಚ 5,000. ಒಟ್ಟು 31,000. ಹಾಗಾದರೆ ಕೈಯಲ್ಲಿರುವುದು ಸರಿಯಾಗಿ ಆರು ತಿಂಗಳಿಗೆ. ರಾತ್ರಿ ನಿದ್ರೆ ಬಾರದಿರಲು ಇಷ್ಟು ಸಾಕು.

ಇನ್ನು ಈ ಮನೆಯಲ್ಲಿ ಕಲಾಸಂಕೋಚವನ್ನು ಮಾಡೋಣ. ಮನೆಸಾಮಾನು 9,500, ಶಾಲೆ ಮತ್ತು ವಾಹನ 4,000, ಕಂತು 6,500, ಔಷಧಿ 2,500, ಇತರ 1,500. ಒಟ್ಟು 24,000. ಈಗ ಇನ್ನೊಂದು ಬದಿಯನ್ನು ನೋಡೋಣ. ಮನೆಯಾಕೆಯ ಹೊಲಿಗೆಯ ಸಂಪಾದನೆ 5,000; ಹಿತ್ತಿಲಿನ ಅಡಿಕೆ ತೆಂಗುಗಳ ವರುಷದ ಹುಟ್ಟುವಳಿಯನ್ನು ತಿಂಗಳಿಗೆ ಹಂಚಿದರೆ 4,000. ಹೀಗೆ 9,000 ಬರುತ್ತದೆ. ಸಂಗ್ರಹದಿಂದ ತೆಗೆಯಬೇಕಾದುದು ತಿಂಗಳಿಗೆ 15,000 ಮಾತ್ರ. ಆರು ತಿಂಗಳ ಹಣವು ಹನ್ನೆರಡು ತಿಂಗಳಿಗೆ ಸಾಕಾಗಿ 6,000 ರೂಪಾಯಿ ಮಿಗುತ್ತದೆ. ಒಂದು ಪೈಯೂ ಹೊಸದಾಗಿ ಸಿಗಲಿಲ್ಲ. ಆದರೆ ಆರು ತಿಂಗಳ ಆಯುಸ್ಸು ದೊರೆಯಿತು. ಆ ಆರು ತಿಂಗಳೊಳಗೆ ಗಾಯವು ಮಾಯುತ್ತದೆ. ಕೆಲಸವನ್ನು ಹುಡುಕುವ ಕಾಲಿಗೆ ಬಲ ಬರುತ್ತದೆ.

ಈ ಪಟ್ಟಿಯಲ್ಲಿ ಎರಡು ಸಾಲುಗಳನ್ನು ಕುಗ್ಗಿಸಲಿಲ್ಲವೆಂಬುದನ್ನು ಗಮನಿಸಬೇಕು. ಒಂದು ಔಷಧಿ, ಇನ್ನೊಂದು ಸಾಲದ ಕಂತು. ಔಷಧಿಯು ಬಾಲಾಲಯದ ನಿತ್ಯಪೂಜೆಯಂತೆ, ಎಂದಿಗೂ ತಪ್ಪಕೂಡದು. ಕಂತು ಕಟ್ಟಲಾಗದೆಂದು ತೋರಿದರೆ ತಪ್ಪಿದ ಬಳಿಕವಲ್ಲ, ತಪ್ಪುವ ಮೊದಲೇ ಬೇಂಕಿನ ಮೆನೇಜರರನ್ನು ಕಂಡು ಅವಧಿಯನ್ನು ಮುಂದೂಡುವಂತೆ ಕೇಳತಕ್ಕದ್ದು. ನೋಟೀಸು ಬಂದ ಮೇಲೆ ಕೇಳುವುದಕ್ಕೂ ಬರುವ ಮೊದಲು ಕೇಳುವುದಕ್ಕೂ ಬಹಳ ಅಂತರವುಂಟು.

ಉಳಿದುದನ್ನು ಎಣಿಸುವಾಗ ಸರಕಾರದಿಂದ ಸಲ್ಲತಕ್ಕುದನ್ನೂ ಎಣಿಸಬೇಕು. ಕೇರಳದಲ್ಲಿ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಪಟ್ಟಿಗೆ ಸೇರಿದ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆಗೆ ಅವಕಾಶವಿದೆ. ಕನಿಷ್ಠ ಎರಡು ವರುಷ ಹೊರನಾಡಿನಲ್ಲಿ ದುಡಿದು ಮರಳಿದವರು ಸ್ವಂತ ಉದ್ಯಮವನ್ನು ಆರಂಭಿಸುವುದಾದರೆ ನೋರ್ಕಾ ಇಲಾಖೆಯ ಯೋಜನೆಯಂತೆ ಬೇಂಕ್ ಸಾಲವೂ ಅದರಲ್ಲಿ ಒಂದಂಶಕ್ಕೆ ಸಹಾಯಧನವೂ ದೊರೆಯುವುದುಂಟು. ಇಂತಹವುಗಳಿಗೆ ಆದಾಯ ಪ್ರಮಾಣಪತ್ರ ಮೊದಲಾದ ಕಾಗದಗಳು ಬೇಕಾಗುತ್ತವೆ. ಅರ್ಜಿಯು ಮಲೆಯಾಳದಲ್ಲಿದೆಯೆಂದು ಹಿಂದೆಗೆಯಬೇಕಾಗಿಲ್ಲ. ಎರಡೂ ಭಾಷೆ ಬಲ್ಲ ನೆರೆಯವನು ಪ್ರತಿಯೊಂದು ವಠಾರದಲ್ಲಿಯೂ ಇದ್ದಾನೆ. ಪಾಸ್‌ಪೋರ್ಟ್, ಆಸ್ಪತ್ರೆಯಿಂದ ಬಿಡುಗಡೆಯಾದ ಚೀಟಿ, ಬಿಲ್ಲುಗಳು, ರೇಶನ್ ಕಾರ್ಡು ಇವನ್ನು ಒಂದೇ ಕಡತದಲ್ಲಿ ಸೇರಿಸಿಡುವುದು ನಳನು ತನ್ನ ವಸ್ತ್ರಗಳನ್ನು ಜೋಪಾನ ಮಾಡಿದಂತೆಯೇ ಸರಿ.

4. ಅಷ್ಟಬಂಧವು ಗಟ್ಟಿಯಾಗುವ ಕಾಲ

ಬಿಂಬವನ್ನು ಪೀಠದಲ್ಲಿ ನೆಲೆಗೊಳಿಸಲು ಉಪಯೋಗಿಸುವ ಅಷ್ಟಬಂಧವನ್ನು ಶಂಖ, ಅಳಲೆಕಾಯಿ, ನೆಲ್ಲಿ, ಅರಗು, ರಾಳ, ಹತ್ತಿ, ಮರಳು ಮೊದಲಾದ ದ್ರವ್ಯಗಳಿಂದ ದಿನಗಟ್ಟಲೆ ಕುಟ್ಟಿ ಹದಮಾಡುತ್ತಾರೆ. ಇಟ್ಟ ಕೂಡಲೇ ಅದು ಕಲ್ಲಾಗುವುದಿಲ್ಲ. ಮೇಲ್ಮೈ ಆರಿದಂತೆ ಕಂಡರೂ ಒಳಗೆ ಗಟ್ಟಿಗೊಳ್ಳಲು ತನ್ನದೇ ಆದ ಕಾಲವನ್ನು ತೆಗೆದುಕೊಳ್ಳುತ್ತದೆ. ಬ್ರಹ್ಮಕಲಶ ಮುಗಿದ ಮೇಲೆಯೂ ಸುಮಾರು ನಲ್ವತ್ತೆಂಟು ದಿನಗಳ ಬಳಿಕ ದೃಢಕಲಶವೆಂಬುದೊಂದನ್ನು ನಮ್ಮ ಹಿರಿಯರು ವಿಧಿಸಿದ್ದಾರೆ. ಮಹೋತ್ಸವದಂದೇ ಕೆಲಸ ಮುಗಿಯಲಿಲ್ಲವೆಂಬ ತಿಳಿವಳಿಕೆ ಅದರಲ್ಲಿದೆ.

ಶರೀರದ ಗಾಯವೂ ಹಾಗೆಯೇ. ಚರ್ಮದ ಕೊಯ್ತವು ಒಂದೆರಡು ವಾರಗಳಲ್ಲಿ ಕೂಡಿಕೊಂಡಂತೆ ಕಾಣುತ್ತದೆ, ಹೊಲಿಗೆಯನ್ನೂ ತೆಗೆಯುತ್ತಾರೆ. ಆದರೆ ಮೂರನೆಯ ವಾರದಲ್ಲಿ ಆ ಜಾಗದ ಬಲವು ಮೊದಲಿನದರ ಕಾಲುಭಾಗದ ಆಸುಪಾಸಿನಲ್ಲಿರುತ್ತದೆ. ಮೂರು ತಿಂಗಳಾಗುವಾಗ ನೂರಕ್ಕೆ ಸುಮಾರು 80ರಷ್ಟಾಗುತ್ತದೆ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದವರು ಆರು ವಾರ ಭಾರ ಎತ್ತಕೂಡದೆಂದು ವೈದ್ಯರು ಸಾಮಾನ್ಯವಾಗಿ ಹೇಳುವುದು ಇದೇ ಕಾರಣದಿಂದ. ಹೃದಯದ ಚಿಕಿತ್ಸೆಗಾಗಿ ಎದೆಯ ಎಲುಬನ್ನು ಸೀಳಿದ್ದರೆ ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. “ಈಗ ನೋವಿಲ್ಲ” ಎಂದು ನಾಲ್ಕನೆಯ ವಾರದಲ್ಲಿ ಅಡಿಕೆಯ ಗೋಣಿಯನ್ನು ಎತ್ತುವವನು ಹಸಿಯ ಅಷ್ಟಬಂಧವನ್ನು ಅಲುಗಾಡಿಸಿದಂತೆ ಮಾಡುತ್ತಾನೆ. ಮನೆಯಲ್ಲಿ ಹಣದ ತಾಪತ್ರಯವಿರುವಾಗ ಈ ಅವಸರವು ಹೆಚ್ಚುವುದು ಸಹಜ. ಆದರೆ ಒಂದು ತಿಂಗಳ ಕೂಲಿಗಾಗಿ ಇನ್ನೊಂದು ಶಸ್ತ್ರಚಿಕಿತ್ಸೆಯನ್ನು ಬರಮಾಡಿಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಹಾಗೆಂದು ಹಾಸಿಗೆಯಲ್ಲಿಯೇ ಬಿದ್ದಿರುವುದೂ ಸಲ್ಲದು. ವೈದ್ಯರು ಅನುಮತಿಸಿದಂದಿನಿಂದ ದಿನಕ್ಕೆ ನಾಲ್ಕಾರು ಸಲ ಮೆಲ್ಲನೆ ನಡೆಯಬೇಕು. ದೀರ್ಘವಾಗಿ ಉಸಿರೆಳೆದು ಬಿಡಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ, ಶ್ವಾಸಕೋಶದಲ್ಲಿ ಕಫ ಕಟ್ಟುವ ಅಪಾಯವಿದೆ. ಪಥ್ಯವೆಂದು ಬರಿಯ ಗಂಜಿಯನ್ನೇ ಕೊಡುವ ರೂಢಿ ನಮ್ಮಲ್ಲಿದೆ. ಗಾಯ ಮಾಯಲು ಮಾಂಸಖಂಡವನ್ನು ಕಟ್ಟುವ ಆಹಾರ ಬೇಕು. ಬೇಳೆಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಇವನ್ನು ವೈದ್ಯರು ಬೇಡವೆನ್ನದ ಹೊರತು ನಿಲ್ಲಿಸಬಾರದು. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಬೇಕು. ಬೀಡಿ ಸಿಗರೇಟುಗಳು ಗಾಯವನ್ನು ಮಾಯಗೊಡವು. ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಬಾವು ನೋವು, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗತಕ್ಕದ್ದು.

ಪ್ರಾಚೀನ ವೈದ್ಯಗ್ರಂಥವಾದ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವ್ರಣಿತನ, ಎಂದರೆ ಗಾಯಗೊಂಡವನ, ಆರೈಕೆಗೆಂದೇ ಒಂದು ಅಧ್ಯಾಯವಿದೆ. ಆತನ ಕೋಣೆಯು ಶುಚಿಯಾಗಿರಬೇಕು, ಹಗಲು ನಿದ್ರೆ ಕೂಡದು ಎಂದು ಹೇಳುವ ಆ ಗ್ರಂಥವು ಇನ್ನೊಂದು ಮಾತನ್ನೂ ಹೇಳುತ್ತದೆ. ಹಿತವಾಗಿ ಮಾತನಾಡಬಲ್ಲ ಗೆಳೆಯರು ಬಳಿಯಲ್ಲಿ ಕುಳಿತು ಕಥೆಗಳನ್ನು ಹೇಳುತ್ತ, ಧೈರ್ಯ ತುಂಬುತ್ತ ಗಾಯದ ವೇದನೆಯನ್ನು ಹಗುರಗೊಳಿಸುತ್ತಾರೆಂಬುದು ಅದರ ಅಭಿಪ್ರಾಯ. ಸ್ನೇಹಿತರ ಮಾತನ್ನು ವೈದ್ಯಶಾಸ್ತ್ರವೇ ಚಿಕಿತ್ಸೆಯೊಳಗೆ ಸೇರಿಸಿತು. ಆದುದರಿಂದ ರೋಗಿಯನ್ನು ನೋಡಲು ಹೋಗುವವರು ಇಂತಹದೇ ರೋಗದಿಂದ ತೀರಿಹೋದವರ ಪಟ್ಟಿಯನ್ನು ಒಪ್ಪಿಸದೆ, ತಾಳಮದ್ದಳೆಯ ಒಂದು ಸ್ವಾರಸ್ಯವನ್ನೋ ಊರಿನ ಒಂದು ಶುಭವಾರ್ತೆಯನ್ನೋ ಹೇಳಿ ಬರುವುದು ಶಾಸ್ತ್ರಸಮ್ಮತವೂ ಹೌದು, ಲೋಕಸಮ್ಮತವೂ ಹೌದು.

5. ದಿನಕ್ಕೊಂದು ದಶಕ

ಕೇರಳದ ಭಕ್ತರಿಗೆಲ್ಲ ಪರಿಚಿತರಾದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯವರು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ವಾತರೋಗದಿಂದ ಪೀಡಿತರಾಗಿ ಗುರುವಾಯೂರಿನ ಸನ್ನಿಧಿಯನ್ನು ಸೇರಿದರು. ಅಲ್ಲಿ ಕುಳಿತು ಭಾಗವತದ ಸಾರವನ್ನು ಸಾವಿರಕ್ಕೂ ಮೀರಿದ ಶ್ಲೋಕಗಳಲ್ಲಿ ‘ನಾರಾಯಣೀಯ’ವಾಗಿ ರಚಿಸಿದರು. ದಿನಕ್ಕೊಂದು ದಶಕದಂತೆ ನೂರು ದಿನಗಳಲ್ಲಿ ನೂರು ದಶಕಗಳನ್ನು ಅರ್ಪಿಸಿದರೆಂದೂ ಕೊನೆಯ ದಿನ ಆರೋಗ್ಯವನ್ನು ಪಡೆದರೆಂದೂ ಪ್ರತೀತಿ.

ಭಗವಂತನ ಕೃಪೆಯನ್ನು ಇಲ್ಲಿ ಕಾಣುವಂತೆಯೇ ಕವಿಯ ಕ್ರಮವನ್ನೂ ಕಾಣಬೇಕು. ನೋವಿನಲ್ಲಿರುವವನಿಗೆ ಸಾವಿರ ಶ್ಲೋಕಗಳ ಹೊರೆಯನ್ನು ಎದುರಿಗಿಟ್ಟರೆ ಕೈ ಏಳದು. ಇಂದಿಗೆ ಒಂದು ದಶಕವೆಂದರೆ ಏಳಬಹುದು. ಚೇತರಿಸಿಕೊಳ್ಳುತ್ತಿರುವವನೂ ಹೀಗೆ ದಿನಕ್ಕೊಂದು ಅಳತೆಯನ್ನು ಇಟ್ಟುಕೊಳ್ಳಬೇಕು. ನಿನ್ನೆ ಅಂಗಳದವರೆಗೆ ನಡೆದುದಾದರೆ ಇಂದು ತೆಂಗಿನ ಕಟ್ಟೆಯವರೆಗೆ. ಇಂದು ಒಂದು ಅರ್ಜಿ. ನಾಳೆ ಹಳೆಯ ಸಹೋದ್ಯೋಗಿಗೆ ಒಂದು ಫೋನು. ರಾತ್ರಿ ಮಲಗುವ ಮುನ್ನ ಅದನ್ನು ಪುಸ್ತಕದಲ್ಲಿ ಒಂದು ಸಾಲಾಗಿ ಬರೆದಿಡಬೇಕು. ತಿಂಗಳ ಬಳಿಕ ಹಿಂದಿರುಗಿ ನೋಡಿದಾಗ ‘ನಾನು ಏನೂ ಮಾಡದೆ ಬಿದ್ದಿದ್ದೆ’ ಎಂಬ ಮಾತಿಗೆ ಆ ಪುಸ್ತಕವೇ ಉತ್ತರ ಹೇಳುತ್ತದೆ.

6. ಒಂದು ಊರಿನ ಕೆಲಸವೇ ಹೋದಾಗ

ಪುರಾಣ ಇತಿಹಾಸಗಳ ಮಾತು ಅಂದಿಗಾಯಿತು, ಇಂದಿಗೇನು ಎನ್ನುವವರಿಗೆ ನಮ್ಮ ಹತ್ತಿರದ ಉದಾಹರಣೆಯೊಂದಿದೆ. ಕಾಸರಗೋಡು ಪ್ರದೇಶವು ಕಣ್ಣೂರು ಜಿಲ್ಲೆಗೆ ಸೇರಿದ್ದ ಕಾಲವದು. ನಮ್ಮ ಜಿಲ್ಲೆ ಬೇರೆಯಾದುದು 1984ರಲ್ಲಿ. ಬೀಡಿ ಕಾರ್ಮಿಕರ ಹಿತಕ್ಕಾಗಿ 1966ರಲ್ಲಿ ಕೇಂದ್ರದ ಕಾನೂನು ಬಂದಿತು. ಕೇರಳವು ಅದನ್ನು ಜಾರಿಗೊಳಿಸಲು, 1968ರಲ್ಲಿ ಮಂಗಳೂರಿನ ಬೀಡಿ ಕಂಪೆನಿಗಳು ಇಲ್ಲಿಯ ಕೆಲಸವನ್ನು ನಿಲ್ಲಿಸಿ ಗಡಿ ದಾಟಿ ಹೋದವು. ಸುಮಾರು 12,000 ಕಾರ್ಮಿಕರು ಬೀದಿಯಲ್ಲಿ ನಿಂತರು. ಕೈಯಲ್ಲಿ ಉಳಿದುದು ಎಲೆ ಸುತ್ತುವ ವಿದ್ಯೆಯೊಂದೇ.

1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಸಹಕಾರ ಸಂಘವು ಆರಂಭವಾಯಿತು. ಮೊದಲಿಗೆ ಕೆಲಸ ಸಿಕ್ಕಿದುದು ಸುಮಾರು 3,000 ಮಂದಿಗೆ ಮಾತ್ರ, ಉಳಿದವರು ಕಾಯಬೇಕಾಯಿತು. ಕ್ರಮೇಣ ಅದು ಹತ್ತಾರು ಸಾವಿರ ಮಂದಿ ದುಡಿಯುವ ಸಂಸ್ಥೆಯಾಗಿ ಬೆಳೆಯಿತು. ಬಳಿಕ ಬೀಡಿಯ ಕೇಡು ಜನರಿಗೆ ತಿಳಿದು ಬೇಡಿಕೆ ಇಳಿಯತೊಡಗಿದಾಗ, 1990ರ ದಶಕದ ಕೊನೆಯಲ್ಲಿ ಅದೇ ಸಂಘವು ಆಹಾರಪದಾರ್ಥ, ತೆಂಗಿನ ಹಾಲು, ಕೊಡೆ ಮೊದಲಾದವುಗಳ ತಯಾರಿಗೆ ಕೈಹಾಕಿತು. ಹಳೆಯ ಸಂಖ್ಯೆ ಇಂದು ಉಳಿದಿಲ್ಲ. ಆದರೆ ಕೆಲಸ ಹೋದುದು ಬಾಳಿನ ಕೊನೆಯಲ್ಲವೆಂಬುದನ್ನು ಅದು ಒಮ್ಮೆಯಲ್ಲ, ಎರಡು ಸಲ ತೋರಿಸಿಕೊಟ್ಟಿತು. ಒಬ್ಬೊಬ್ಬನೇ ತನ್ನ ಮನೆಯ ಕತ್ತಲೆಯಲ್ಲಿ ಕುಳಿತಿದ್ದರೆ ಇದು ಆಗುತ್ತಿರಲಿಲ್ಲ. ಮರಳಿ ಬಂದ ನಾಲ್ವರು ಒಟ್ಟಾಗಿ ತಮ್ಮ ವಿದ್ಯೆಗಳನ್ನು ಎಣಿಸಿ ನೋಡುವುದಕ್ಕೆ ದೇವಸ್ಥಾನದ ಜಗಲಿಗಿಂತ ಒಳ್ಳೆಯ ಸ್ಥಳ ಬೇರೆ ಯಾವುದಿದೆ?

7. ಆಶೆಯಂತೆ ತೋರುವ ಅನ್ಯ ವಸ್ತುಗಳು

ಈ ಸಂದರ್ಭದಲ್ಲಿ ಎರಡು ಎಚ್ಚರಿಕೆಯ ಮಾತುಗಳು ಅವಶ್ಯ. ಸಾಲ ತೆಗೆದು ದೊಡ್ಡ ಹರಕೆಗಳನ್ನು ಹೊರುವುದು, ಲಾಟರಿಯಲ್ಲಿ ಅದೃಷ್ಟವನ್ನು ಪರೀಕ್ಷಿಸುವುದು, ವೀಸಾ ಕೊಡಿಸುವೆನೆಂಬ ಅಪರಿಚಿತನಿಗೆ ಉಳಿದ ಹಣವನ್ನು ಒಪ್ಪಿಸುವುದು ಇವು ಆಶೆಯಲ್ಲ. ಇವು ಪುಷ್ಕರನೊಡನೆ ಮತ್ತೊಂದು ಆಟಕ್ಕೆ ಕೂರುವುದು. ನಳನು ಮರಳಿ ಜೂಜಿಗೆ ಕುಳಿತುದು ನಿಜ. ಆದರೆ ಅಕ್ಷವಿದ್ಯೆಯನ್ನು ಕಲಿತ ಮೇಲೆ, ಕಲಿಯು ಬಿಟ್ಟುಹೋದ ಮೇಲೆ. ಗೆದ್ದ ಬಳಿಕ ಆತನು ಪುಷ್ಕರನನ್ನು ಕ್ಷಮಿಸಿ ಕಳುಹಿದನೆಂಬುದೂ ಸ್ಮರಣೀಯ. ಕೆಲಸದಿಂದ ತೆಗೆದವರ ಮೇಲಿನ ಸಿಟ್ಟನ್ನು ಹೊತ್ತುಕೊಂಡು ತಿರುಗುವವನಿಗೆ ಆರು ವಾರ ಭಾರ ಎತ್ತಬಾರದೆಂಬ ವೈದ್ಯರ ಮಾತು ಅಲ್ಲಿಯೂ ಅನ್ವಯಿಸುತ್ತದೆ.

ಎರಡನೆಯದಾಗಿ, ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಮನಸ್ಸು ಕುಗ್ಗುವುದು ಹಲವರಲ್ಲಿ ಕಾಣುವ ಸಂಗತಿ. ಅದು ಭಕ್ತಿಯ ಕೊರತೆಯಲ್ಲ, ಪೌರುಷದ ಕೊರತೆಯೂ ಅಲ್ಲ. ಎರಡು ವಾರಗಳಾದರೂ ನಿದ್ರೆ ಬಾರದೆ, ಊಟ ರುಚಿಸದೆ, ಬದುಕು ಬೇಡವೆಂಬ ಯೋಚನೆ ಬರುವುದಾದರೆ ಅದನ್ನು ಮನೆಯವರಲ್ಲಿ ಹೇಳಬೇಕು, ವೈದ್ಯರಲ್ಲಿಯೂ ಹೇಳಬೇಕು. 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆಮಾಡಬಹುದು. ಹೊಟ್ಟೆಯ ನೋವನ್ನು ಬಚ್ಚಿಡದ ನಾವು ಮನಸ್ಸಿನ ನೋವನ್ನು ಏಕೆ ಬಚ್ಚಿಡಬೇಕು?

8. ಪ್ರಾರ್ಥನೆ

ಹಾಗಾದರೆ ದೇವರ ಮುಂದೆ ನಿಂತು ಏನನ್ನು ಬೇಡಬೇಕು? ಹೋದ ಕೆಲಸವೇ ಮರಳಿ ಸಿಗಲೆಂದು ಬೇಡುವುದರಲ್ಲಿ ತಪ್ಪಿಲ್ಲ. ಆದರೆ ಜೀರ್ಣೋದ್ಧಾರವಾದ ಗುಡಿಯು ಹಳೆಯ ಗುಡಿಯೇ ಆಗಿರುವುದಿಲ್ಲ. ಹಳೆಯ ಮುರಕಲ್ಲುಗಳಲ್ಲಿ ಗಟ್ಟಿಯಾದವನ್ನು ಉಳಿಸಿಕೊಂಡು, ಸವೆದವನ್ನು ಬಿಟ್ಟು, ಹೊಸ ಮರವನ್ನು ಸೇರಿಸಿ ಕಟ್ಟುತ್ತಾರೆ. ದೇವರು ಅದೇ, ಸ್ಥಳವೂ ಅದೇ. ಮಾಡು ಮಾತ್ರ ಬೇರೆ. ಕೆಲಸವೂ ಹಾಗೆ ಬೇರೊಂದು ರೂಪದಲ್ಲಿ ಬರಬಹುದು. ಶರೀರವು ಹಿಂದಿನ ಭಾರವನ್ನು ಎಂದೆಂದಿಗೂ ಎತ್ತದಿರಬಹುದು. ಅದನ್ನು ಒಪ್ಪಿಕೊಳ್ಳುವ ಮನಸ್ಸನ್ನೂ, ಇಂದಿನ ದೀಪಕ್ಕೆ ಇಂದಿನ ಎಣ್ಣೆಯನ್ನೂ ಬೇಡಿದರೆ ಸಾಕು. ಚಿಕ್ಕ ಬಾಲಾಲಯದಲ್ಲಿ ಪ್ರತಿಸಂಜೆ ಅರ್ಚಕರು ಹಚ್ಚಿದುದು ಒಂದೊಂದೇ ದಿನದ ದೀಪ. ಅಂತಹ ದಿನಗಳನ್ನು ಒಂದೊಂದಾಗಿ ದಾಟಿದ ಮೇಲೆಯೇ ಬ್ರಹ್ಮಕಲಶದ ಮುಹೂರ್ತವು ಬಂದುದು.

ಈ ಜೀರ್ಣೋದ್ಧಾರಕ್ಕಾಗಿ ಹಣ ಕೊಟ್ಟವರಂತೆಯೇ, ಹಣವಿಲ್ಲದೆ ಶ್ರಮದಾನ ಮಾಡಿದವರೂ, ಭಾರ ಎತ್ತಲಾಗದೆ ಕುಳಿತಲ್ಲಿಯೇ ರಶೀದಿ ಬರೆದವರೂ, ಹೂ ಕಟ್ಟಿದವರೂ ಈ ಗುಡಿಯ ಕಲ್ಲುಗಳಲ್ಲಿ ಸೇರಿದ್ದಾರೆ. ಅವರೆಲ್ಲರ ಮನೆಗಳಲ್ಲಿಯೂ ಕುಸಿದುದು ಏಳಲಿ. ಗಾಯಗಳು ಕಾಲಕ್ಕೆ ಸರಿಯಾಗಿ ಮಾಯಲಿ. ದುಡಿಯುವ ಕೈಗಳಿಗೆ ತಕ್ಕ ದುಡಿಮೆ ಒದಗಲಿ. ಶ್ರೀ ದೇವರು ಸಮಸ್ತ ಗ್ರಾಮಸ್ಥರಿಗೂ ಸನ್ಮಂಗಳವನ್ನುಂಟುಮಾಡಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.